ಮನೆಯ ಸರ್ವರ್‌ಗೆ ಸರಿಯಾದ ಸ್ಟೋರೇಜ್ ಸಾಫ್ಟ್‌ವೇರ್: ಗೆಲ್ಲಲು ಹನ್ನೆರಡು ಸೂತ್ರಗಳು

'ಸ್ಟೋರೇಜ್ ಫುಲ್' ಎಂಬ ಸೂಚನೆ ನಿಮ್ಮ ಫೋನಿಗೂ ಬಂದಿದೆ. ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋ ಮೂರೂ ಸಂಸಾರ ಮಾಡಬೇಕು. ಫೋಟೋಗಳಿಗೆ ಮೊದಲಿದ್ದ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತುಹೋಯಿತು. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾ ಹೋಗುವುದು ಒಂದು ದಾರಿ. ಮೂಲೆಯಲ್ಲಿರುವ ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿಕೊಳ್ಳುವುದು ಇನ್ನೊಂದು. ನೀವು ಎರಡನೆಯದಕ್ಕೆ ಮನಸ್ಸು ಮಾಡಿದ್ದೀರಿ. ಭೇಷ್!

ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ. ನೆಕ್ಸ್ಟ್‌ಕ್ಲೌಡೋ, ಸಿಂಕ್‌ಥಿಂಗೋ, ಸೀಫೈಲೋ ಎಂದು ತಿಂಗಳುಗಟ್ಟಲೆ ವಿಡಿಯೋ ನೋಡುತ್ತಾರೆ, ಒಂದನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. 'ಆರಿಸಿದ್ದು ತಪ್ಪಾದರೆ?' ಎಂದು ಅನುಮಾನಿಸುತ್ತಾ ಕೂರುವುದು ಒಂದು ಅಭ್ಯಾಸ ಅಷ್ಟೇ. ಅದನ್ನು ಈ ವಾರವೇ ಬಿಡಿ. ಕೆಳಗಿನ ಸೂತ್ರಗಳನ್ನು ಹಿಡಿದು ಕೆಲಸಕ್ಕೆ ಕೂತರೆ ಭಾನುವಾರ ರಾತ್ರಿಯೊಳಗೆ ನಿಮ್ಮ ತೀರ್ಮಾನ ಮುಗಿದಿರುತ್ತದೆ.

1. ಕೆಲಸ ಮೊದಲು ಬರೆಯಿರಿ, ಹೆಸರು ಆಮೇಲೆ ಹುಡುಕಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಫೈಲುಗಳ ವಿಷಯದಲ್ಲಿ ಏನೇನು ಆಗಬೇಕು ಎಂದು ಬರೆಯಿರಿ. 'ಪ್ರಾಜೆಕ್ಟ್ ಫೋಲ್ಡರ್ ಲ್ಯಾಪ್‌ಟಾಪಿನಲ್ಲೂ ಡೆಸ್ಕ್‌ಟಾಪಿನಲ್ಲೂ ಒಂದೇ ಥರ ಇರಬೇಕು.' 'ಅಮ್ಮನ ಫೋನಿನ ಫೋಟೋ ತಾನಾಗಿಯೇ ಬಂದು ಬೀಳಬೇಕು.' 'ಸೈಟಿನ ಕಾಗದಪತ್ರದ ಲಿಂಕನ್ನು ಅಣ್ಣನಿಗೆ ಕಳಿಸಬೇಕು.' ಮೂರೂ ಬೇರೆ ಬೇರೆ ಕೆಲಸ: ಮೊದಲನೆಯದು ಸಿಂಕ್, ಎರಡನೆಯದು ಫೋಟೋ ಅಪ್‌ಲೋಡ್, ಮೂರನೆಯದು ಶೇರಿಂಗ್. ಒಂದೇ ಸಾಫ್ಟ್‌ವೇರ್ ಎಲ್ಲವನ್ನೂ ಮಾಡಲಿ ಎಂದು ಹಟ ಹಿಡಿದರೆ ಬೇಡದ ಭಾರವೂ ತಲೆ ಮೇಲೆ ಕೂರುತ್ತದೆ. ಹಾಳೆಯಲ್ಲಿ ಬರೆಯದ ಫೀಚರ್‌ಗೆ ಮರುಳಾಗಬೇಡಿ.

2. ಸಿಂಕನ್ನೇ ಬ್ಯಾಕಪ್ ಎಂದು ನಂಬಬೇಡಿ

ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಡಿಲೀಟ್ ಮಾಡಿದಿರಿ. ಕೆಲವೇ ಕ್ಷಣದಲ್ಲಿ ಸರ್ವರ್‌ನಲ್ಲೂ ಫೋನಿನಲ್ಲೂ ಅದು ಮಾಯ. ಸಿಂಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಎರಡು ಡಿಸ್ಕ್‌ಗಳ ರೇಡ್ ಹಾಕಿದ್ದರೂ ಇದೇ ಕಥೆ. ರೇಡ್ ಕಾಯುವುದು ಡಿಸ್ಕ್ ಕೆಟ್ಟಾಗ ಮಾತ್ರ, ನಿಮ್ಮ ಬೆರಳು ತಪ್ಪಿದಾಗ ಅಲ್ಲ. ಬ್ಯಾಕಪ್ ಬೇರೆಯೇ ಕೆಲಸ. ಹನ್ನೆರಡನೇ ಸೂತ್ರ ಅದಕ್ಕೇ ಮೀಸಲು.

3. ಒಬ್ಬರೇ ಬಳಸುವುದಾದರೆ ಸಿಂಕ್‌ಥಿಂಗ್‌ನಿಂದ ಶುರುಮಾಡಿ

ನೇರವಾಗಿ ಹೇಳುತ್ತೇನೆ: ಮನೆಯಲ್ಲಿ ಸರ್ವರ್ ಇಡಲು ಹೊರಟ ಹತ್ತರಲ್ಲಿ ಏಳು ಮಂದಿಗೆ ಮೊದಲು ಬೇಕಾಗಿರುವುದು ಇದೇ ಎಂಬುದು ನನ್ನ ಅಭಿಪ್ರಾಯ. ಸಿಂಕ್‌ಥಿಂಗ್‌ಗೆ ಡೇಟಾಬೇಸ್ ಸರ್ವರ್ ಬೇಡ, ವೆಬ್ ಸರ್ವರ್ ಬೇಡ, ಡೊಮೇನ್ ಹೆಸರೂ ಬೇಡ. ಗೋ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಂ. ಪ್ರತಿ ಸಾಧನಕ್ಕೂ ಒಂದು ಉದ್ದನೆಯ ಐಡಿ ಸಿಗುತ್ತದೆ. ಎರಡೂ ಕಡೆ ಒಬ್ಬರ ಐಡಿಯನ್ನು ಇನ್ನೊಬ್ಬರು ಒಪ್ಪಿದರೆ ಫೋಲ್ಡರ್ ಹರಿಯಲು ಶುರು. ಅವುಗಳ ನಡುವಿನ ಮಾತೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ನೇರ ಸಂಪರ್ಕ ಸಿಗದಿದ್ದಾಗ ರಿಲೇ ಮೂಲಕ ಹೋದರೂ ನಡುವಿನವರು ಅದನ್ನು ಓದಲಾರರು.

ಇನ್‌ಸ್ಟಾಲ್ ಆದ ಮೇಲೆ ಮೂರು ಕೆಲಸ ತಪ್ಪದೆ ಮಾಡಿ.

ಮೊದಲನೆಯದು, ಸರ್ವರ್ ಕಡೆ ಫೈಲ್ ವರ್ಷನಿಂಗ್ ಆನ್ ಮಾಡಿ, 'ಸ್ಟ್ಯಾಗರ್ಡ್' ಆರಿಸಿ. ಇದರಲ್ಲಿ ಒಂದು ಸೂಕ್ಷ್ಮ ಇದೆ: ಸಿಂಕ್‌ಥಿಂಗ್ ಹಳೆಯ ಪ್ರತಿಯನ್ನು ಎತ್ತಿಡುವುದು ಬೇರೆ ಸಾಧನದಿಂದ ಬದಲಾವಣೆ ಬಂದಾಗ ಮಾತ್ರ. ನೀವು ಲ್ಯಾಪ್‌ಟಾಪಿನಲ್ಲಿ ಕೂತು ಬದಲಿಸಿದ ಫೈಲಿನ ಹಳೆಯ ಪ್ರತಿ ಲ್ಯಾಪ್‌ಟಾಪಿನಲ್ಲಿ ಸಿಗದು, ಸರ್ವರ್‌ನಲ್ಲಿ ಸಿಗುತ್ತದೆ. ಸದಾ ಆನ್ ಇರುವ ಯಂತ್ರ ಒಂದು ಬೇಕು ಎನ್ನುವುದು ಇದಕ್ಕೇ.

ಎರಡನೆಯದು, ಒಂದೇ ಫೈಲನ್ನು ಎರಡು ಕಡೆ ಒಟ್ಟಿಗೆ ತಿದ್ದಿ ನೋಡಿ. ಹೆಸರಿನಲ್ಲಿ 'ಸಿಂಕ್-ಕಾನ್‌ಫ್ಲಿಕ್ಟ್' ಎಂದಿರುವ ಎರಡನೇ ಫೈಲು ಹುಟ್ಟುತ್ತದೆ. ಅದನ್ನು ಗುರುತಿಸಲು ಈಗಲೇ ಕಲಿಯಿರಿ. ಪರೀಕ್ಷೆಯ ಹಿಂದಿನ ರಾತ್ರಿ ಕಂಡರೆ ಗಾಬರಿಯಾಗುತ್ತದೆ.

ಮೂರನೆಯದು, ತೆರೆದಿರುವ ಡೇಟಾಬೇಸ್ ಫೈಲನ್ನು ಸಿಂಕ್‌ಗೆ ಹಾಕಬೇಡಿ. ಟ್ಯಾಲಿ ಡೇಟಾ ಫೋಲ್ಡರ್, ಔಟ್‌ಲುಕ್‌ನ ಮೇಲ್ ಫೈಲು ಇಂಥವುಗಳು ಅರ್ಧ ಬರೆದ ಸ್ಥಿತಿಯಲ್ಲಿ ಕಾಪಿಯಾದರೆ ತೆರೆಯುವುದೇ ಇಲ್ಲ. ಪ್ರೋಗ್ರಾಂ ಮುಚ್ಚಿ ಬ್ಯಾಕಪ್ ತೆಗೆಯಿರಿ, ಆ ಬ್ಯಾಕಪ್ ಫೈಲನ್ನು ಸಿಂಕ್ ಮಾಡಿ.

ಸಿಂಕ್‌ಥಿಂಗ್‌ನಲ್ಲಿ ಬ್ರೌಸರ್‌ನಿಂದ ಫೈಲು ನೋಡಲಾಗದು, ಯಾರಿಗೂ ಲಿಂಕ್ ಕಳಿಸಲಾಗದು. ಹಾಳೆಯಲ್ಲಿ ಅದನ್ನು ಬರೆದಿದ್ದರೆ ಮುಂದಿನ ಸೂತ್ರಕ್ಕೆ ಹೋಗಿ.

4. ಮನೆಮಂದಿಯೆಲ್ಲ ಬಳಸುವುದಾದರೆ ನೆಕ್ಸ್ಟ್‌ಕ್ಲೌಡ್ ಹಾಕಿ, ಆದರೆ ಮೈಗೆ ತಕ್ಕಷ್ಟೇ ಹಾಕಿ

ಓನ್‌ಕ್ಲೌಡನ್ನು 2010ರಲ್ಲಿ ಶುರುಮಾಡಿದ ಫ್ರಾಂಕ್ ಕಾರ್ಲಿಚೆಕ್ 2016ರಲ್ಲಿ ಆ ಕಂಪನಿಯಿಂದ ಹೊರಬಂದು, ಅದೇ ಕೋಡ್ ಹಿಡಿದು ಕಟ್ಟಿದ್ದು ನೆಕ್ಸ್ಟ್‌ಕ್ಲೌಡ್. ಇಂದು ಅದರಲ್ಲಿ ಏನುಂಟು ಏನಿಲ್ಲ! ಫೈಲು, ಲಿಂಕ್ ಶೇರಿಂಗ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್, ವಿಡಿಯೋ ಕಾಲ್. ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಬೇರೆ ಕೋಟಾ ಕೊಡಬಹುದು. ಅಪ್ಪನಿಗೆ, ತಂಗಿಗೆ, ನಿಮಗೆ ಪ್ರತ್ಯೇಕ ಜಾಗ ಬೇಕಿದ್ದರೆ ಇದಕ್ಕೆ ಸಾಟಿಯಾದದ್ದು ಕಡಿಮೆ.

ಇಷ್ಟಕ್ಕೆ ಬೆಲೆಯೂ ಇದೆ. ಇದು ಪಿಎಚ್‌ಪಿಯಲ್ಲಿ ಬರೆದದ್ದು, ಜೊತೆಗೆ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಬೇಕು. ಒಂದೊಂದು ಪಿಎಚ್‌ಪಿ ಪ್ರೊಸೆಸ್‌ಗೆ 512 ಎಂಬಿ ರ್‍ಯಾಮ್ ಇರಲಿ ಎನ್ನುತ್ತದೆ ಅದರ ಕೈಪಿಡಿ. 'ನೆಕ್ಸ್ಟ್‌ಕ್ಲೌಡ್ ಸ್ಲೋ' ಎಂದು ದೂರುವವರ ಸೆಟಪ್ ತೆರೆದು ನೋಡಿ: ಸಾಮಾನ್ಯವಾಗಿ ರೆಡಿಸ್ ಕ್ಯಾಶ್ ಹಾಕಿರುವುದಿಲ್ಲ, ಹಿನ್ನೆಲೆ ಕೆಲಸಗಳನ್ನು ಕ್ರಾನ್‌ಗೆ ವಹಿಸಿರುವುದಿಲ್ಲ, ಬಳಸದ ಆ್ಯಪ್‌ಗಳೆಲ್ಲ ಆನ್ ಆಗಿರುತ್ತವೆ. ಮೊದಲ ದಿನವೇ ಈ ಮೂರನ್ನೂ ಸರಿಪಡಿಸಿ. ಅರ್ಧ ಗಂಟೆಯ ಕೆಲಸ, ವರ್ಷವಿಡೀ ಲಾಭ.

ಅಪ್‌ಗ್ರೇಡ್ ಶಿಸ್ತು ಬೆಳೆಸಿಕೊಳ್ಳಿ. ಪ್ರತಿ ದೊಡ್ಡ ಆವೃತ್ತಿಗೆ ಸುಮಾರು ಒಂದು ವರ್ಷ ಮಾತ್ರ ಬೆಂಬಲ. ನಡುವಿನ ಆವೃತ್ತಿ ಹಾರಿಸಿ ನೇರವಾಗಿ ಮೇಲಕ್ಕೆ ಜಿಗಿಯಲು ಬಿಡುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಎರಡು ವರ್ಷ ಕೈಬಿಟ್ಟರೆ ಒಂದಿಡೀ ಭಾನುವಾರ ಅದಕ್ಕೇ ಹೋಗುತ್ತದೆ. ಫೋನಿನ ಕ್ಯಾಲೆಂಡರ್‌ನಲ್ಲಿ ಈಗಲೇ ನಾಲ್ಕು ತಿಂಗಳಿಗೊಂದು ರಿಮೈಂಡರ್ ಹಾಕಿ.

5. 'ಡಿಸ್ಕ್ ಕಳಚಿದರೆ ಫೈಲು ಕಾಣುತ್ತದೆಯೇ?' ಎಂದು ಕೇಳಿ

ಆಯ್ಕೆ ಮಾಡುವಾಗ ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಿ. ಸರ್ವರ್ ಸುಟ್ಟುಹೋಯಿತು, ಡಿಸ್ಕ್ ಮಾತ್ರ ಉಳಿಯಿತು ಎಂದುಕೊಳ್ಳಿ. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಚುಚ್ಚಿದರೆ ಏನು ಕಾಣುತ್ತದೆ?

ಸಿಂಕ್‌ಥಿಂಗ್ ಆದರೆ ನಿಮ್ಮ ಫೋಲ್ಡರ್ ಇದ್ದಂತೆಯೇ ಕಾಣುತ್ತದೆ. ನೆಕ್ಸ್ಟ್‌ಕ್ಲೌಡ್ ಆದರೆ ಡೇಟಾ ಡೈರೆಕ್ಟರಿಯಲ್ಲಿ ಬಳಕೆದಾರರ ಹೆಸರು, ಅದರೊಳಗೆ ಫೈಲುಗಳು ಮಾಮೂಲಿ ಹೆಸರಿನಲ್ಲೇ ಸಿಗುತ್ತವೆ. ಸರ್ವರ್ ಎನ್‌ಕ್ರಿಪ್ಷನ್ ಆನ್ ಮಾಡಿದ್ದರೆ ಮಾತ್ರ ಅವು ಓದಲು ಬರುವುದಿಲ್ಲ. ಆ ಬಟನ್ ಒತ್ತುವ ಮೊದಲು ಎರಡು ಸಲ ಯೋಚಿಸಿ. ಸೀಫೈಲ್ ಕಥೆ ಬೇರೆ. ಅದು ಫೈಲನ್ನು ಬ್ಲಾಕ್‌ಗಳಾಗಿ ಕತ್ತರಿಸಿ ಇಡುತ್ತದೆ. ದೊಡ್ಡ ಫೈಲಿನ ಒಂದು ಭಾಗ ಬದಲಾದರೆ ಆ ಬ್ಲಾಕ್ ಮಾತ್ರ ಹೋಗುತ್ತದೆ, ಸಾವಿರಾರು ಚಿಕ್ಕ ಫೈಲುಗಳಿದ್ದರೂ ಓಡುತ್ತದೆ. ವೇಗವೇ ಅದರ ಶಕ್ತಿ. ಆದರೆ ಡಿಸ್ಕಿನಲ್ಲಿ ಕಾಣುವುದು ಅರ್ಥವಾಗದ ಹೆಸರಿನ ತುಂಡುಗಳು. ಅವನ್ನು ಮತ್ತೆ ಫೈಲಾಗಿ ನೋಡಲು ಸೀಫೈಲ್‌ನದೇ ಟೂಲ್ ಬೇಕು. ಓನ್‌ಕ್ಲೌಡ್ ಗೋ ಭಾಷೆಯಲ್ಲಿ ಹೊಸದಾಗಿ ಬರೆದ ಇನ್ಫಿನಿಟ್ ಸ್ಕೇಲ್‌ಗೆ ಡೇಟಾಬೇಸ್ ಬೇಡ, ಹಗುರ. ಆದರೆ ಅದರ ಡೀಫಾಲ್ಟ್ ವ್ಯವಸ್ಥೆಯೂ ಫೈಲುಗಳನ್ನು ನೀವಿಟ್ಟ ಹೆಸರಿನಲ್ಲಿ ಇಡುವುದಿಲ್ಲ.

ವೇಗ ನಿತ್ಯ ಬೇಕೆನಿಸುತ್ತದೆ, ಹೊರಬರುವ ದಾರಿ ಎಂದೋ ಒಂದು ದಿನ ಬೇಕಾಗುತ್ತದೆ. ಆ ಒಂದು ದಿನವನ್ನು ಮೊದಲು ಗೆಲ್ಲಿ. ಬ್ಯಾಕಪ್ ಗಟ್ಟಿಯಾಗಿದೆ ಎಂದು ಎದೆ ತಟ್ಟಿ ಹೇಳಬಲ್ಲವರು ಮಾತ್ರ ಸೀಫೈಲ್ ಕಡೆ ಹೆಜ್ಜೆ ಇಡಿ.

6. ಕನ್ನಡ ಹೆಸರಿನ ಫೈಲು ಹಾಕಿ ಪರೀಕ್ಷಿಸಿ

ನಿಮ್ಮ ಫೋಲ್ಡರ್‌ಗಳಿಗೆ ಕನ್ನಡದಲ್ಲಿ ಹೆಸರಿಡುತ್ತೀರಾ? ಇಡಬೇಕು. ಹಾಗಿದ್ದರೆ ಈ ಪರೀಕ್ಷೆ ನಿಮಗೇ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ಸ್ವರಚಿಹ್ನೆ, ಹಲಂತ ಚಿಹ್ನೆ ಎಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. 'ಲಕ್ಷ್ಮೀ' ಕಣ್ಣಿಗೆ ಎರಡೇ ಅಕ್ಷರ. ಡಿಸ್ಕಿಗೆ 7 ಚಿಹ್ನೆ, 21 ಬೈಟ್. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ ಸಿಗುವುದು 255 ಬೈಟ್, ಅಂದರೆ 85 ಕನ್ನಡ ಚಿಹ್ನೆ. ವಿಂಡೋಸ್ ಲೆಕ್ಕ ಹಾಕುವ ರೀತಿ ಬೇರೆ, ಅಲ್ಲಿ ಹೆಚ್ಚುಕಡಿಮೆ 255 ಚಿಹ್ನೆಗೂ ಜಾಗ ಉಂಟು. ಹಾಗಾಗಿ ವಿಂಡೋಸ್‌ನಲ್ಲಿ ಸಲೀಸಾಗಿ ಉಳಿದ ಉದ್ದ ಹೆಸರಿನ ಪಿಡಿಎಫ್ ಸರ್ವರ್‌ಗೆ ಹೋಗದೆ ನಿಲ್ಲಬಹುದು. ಹೆಸರನ್ನೂ ಎನ್‌ಕ್ರಿಪ್ಟ್ ಮಾಡುವ ಇಕ್ರಿಪ್ಟ್‌ಎಫ್‌ಎಸ್ ಬಳಸಿದರೆ ಮಿತಿ 143 ಬೈಟ್‌ಗೆ ಇಳಿಯುತ್ತದೆ, ಅಂದರೆ 47 ಚಿಹ್ನೆ.

ಇನ್ನೊಂದು ತೊಡಕು ಇನ್ನೂ ಸೂಕ್ಷ್ಮ. 'ಕೋಲಾರ' ಎಂಬ ಹೆಸರಿನ 'ಕೋ'ವನ್ನು ಯೂನಿಕೋಡ್ ಎರಡು ರೀತಿ ಬರೆಯಬಲ್ಲದು. ಕ ಮತ್ತು ಓತ್ವ ಸೇರಿ 2 ಚಿಹ್ನೆ ಒಂದು ರೀತಿ. ಆ ಓತ್ವವನ್ನು ಮೂರು ತುಂಡಾಗಿ ಒಡೆದು ಒಟ್ಟು 4 ಚಿಹ್ನೆ ಮಾಡುವುದು ಇನ್ನೊಂದು ರೀತಿ. ತೆರೆಯ ಮೇಲೆ ಎರಡೂ ಒಂದೇ. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಒಡೆದೇ ಇಡುತ್ತಿತ್ತು. ಮ್ಯಾಕ್ ಮತ್ತು ಲಿನಕ್ಸ್ ನಡುವೆ ಫೈಲು ಓಡಾಡಿದಾಗ ಒಂದೇ ಹೆಸರಿನ ಎರಡು 'ಕೋಲಾರ' ಫೋಲ್ಡರ್ ಕಂಡರೆ ಕಾರಣ ಇದು. ಸಿಂಕ್‌ಥಿಂಗ್‌ನಲ್ಲಿ ಇದನ್ನು ಸರಿದೂಗಿಸುವ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ.

ಮಾಡಬೇಕಾದ್ದಿಷ್ಟೆ: ಒಂದು ಉದ್ದ ಕನ್ನಡ ಹೆಸರು, ಓತ್ವ ಏತ್ವ ಇರುವ ಒಂದು ಹೆಸರು, ಪ್ರಶ್ನಾರ್ಥಕ ಚಿಹ್ನೆ ಇರುವ ಒಂದು ಹೆಸರು. ಈ ಮೂರು ಫೈಲನ್ನು ಪ್ರತಿ ಸಾಧನದಿಂದಲೂ ಪ್ರತಿ ಸಾಧನಕ್ಕೂ ಕಳಿಸಿ. ಪ್ರಶ್ನಾರ್ಥಕ ಚಿಹ್ನೆಯನ್ನು ವಿಂಡೋಸ್ ಒಪ್ಪುವುದೇ ಇಲ್ಲ. ಆಗ ಸಾಫ್ಟ್‌ವೇರ್ ಎಚ್ಚರಿಸುತ್ತದೋ, ಸುಮ್ಮನೆ ಬಿಟ್ಟುಬಿಡುತ್ತದೋ ನೋಡಿ. ಸುಮ್ಮನೆ ಬಿಡುವುದಾದರೆ ಅಂಕ ಕಡಿತ ಮಾಡಿ.

7. ಇರುವ ಯಂತ್ರದಲ್ಲೇ ಶುರುಮಾಡಿ

ಹೊಸದು ಕೊಂಡ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಹಳೆಯ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಕರೆಂಟ್ ಹೋದರೂ ತಕ್ಷಣ ಮಲಗುವುದಿಲ್ಲ. ನಮ್ಮ ಊರುಗಳಿಗೆ ಇದು ದೊಡ್ಡ ವರ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಸಿಕ್ಕರೆ ಇನ್ನೂ ಒಳ್ಳೆಯದು, ಅದಕ್ಕೊಂದು ಚಿಕ್ಕ ಯುಪಿಎಸ್ ಜೋಡಿಸಿ. ರಾಸ್ಪ್‌ಬೆರಿ ಪೈ ಆದರೆ ಡೇಟಾಬೇಸನ್ನು ಎಸ್‌ಡಿ ಕಾರ್ಡ್ ಮೇಲೆ ಇಡಬೇಡಿ, ಪದೇ ಪದೇ ಬರೆದರೆ ಅದು ಸವೆಯುತ್ತದೆ. ಎಸ್‌ಎಸ್‌ಡಿ ಹಾಕಿ.

ಕರೆಂಟ್ ಲೆಕ್ಕ ನೀವೇ ಹಾಕಿ. 10 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ ಸುಮಾರು 7 ಯೂನಿಟ್. 60 ವ್ಯಾಟ್‌ನ ಹಳೆಯ ಡೆಸ್ಕ್‌ಟಾಪ್ ಆದರೆ 43 ಯೂನಿಟ್. ಮನೆಯ ಮೀಟರ್ ಗೃಹಜ್ಯೋತಿಯಲ್ಲಿದ್ದರೆ ನಿಮ್ಮ ಮಿತಿಗೆ ಈ 43 ಎಷ್ಟು ಹತ್ತಿರ ತಂದು ನಿಲ್ಲಿಸುತ್ತದೆ ಎಂದು ಬಿಲ್ ತೆಗೆದು ನೋಡಿಯೇ ನಿರ್ಧರಿಸಿ.

8. ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ

ಇದು ಆಜ್ಞೆ ಎಂದೇ ತಿಳಿಯಿರಿ. 2021ರ ಜೂನ್‌ನಲ್ಲಿ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ ವೆಸ್ಟರ್ನ್ ಡಿಜಿಟಲ್ ಮೈ ಬುಕ್ ಲೈವ್ ಡಿಸ್ಕ್‌ಗಳನ್ನು ದಾಳಿಕೋರರು ದೂರದಿಂದಲೇ ಫ್ಯಾಕ್ಟರಿ ರೀಸೆಟ್ ಮಾಡಿದರು. 2015ರ ನಂತರ ಅಪ್‌ಡೇಟ್ ಕಾಣದ ಯಂತ್ರಗಳವು. ಜನರ ವರ್ಷಗಟ್ಟಲೆಯ ಫೋಟೋ ಹೋಯಿತು. 2023ರ ನವೆಂಬರ್‌ನಲ್ಲಿ ಓನ್‌ಕ್ಲೌಡ್‌ನ ಒಂದು ಆ್ಯಪ್‌ನಲ್ಲಿ ಬಯಲಾದ ದೋಷಕ್ಕೆ ತೀವ್ರತೆಯ ಅಂಕ 10ಕ್ಕೆ 10. ಅಪ್‌ಡೇಟ್‌ಗೆ ಒಂದು ವಾರ ತಡಮಾಡುವ ಮನೆಯ ಸರ್ವರ್ ಬೀದಿಗೆ ಬಾಗಿಲು ತೆರೆದುಕೊಂಡಿರಬಾರದು.

ಹೇಗೂ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ತಲುಪಲಾಗದು. ರೂಟರ್‌ನ ಹೊರಮುಖದ ಐಪಿ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ. ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಮೇಲೆ ಕಟ್ಟಿದ ಈ ಖಾಸಗಿ ಜಾಲ ಸಿಜಿನ್ಯಾಟನ್ನೂ ದಾಟುತ್ತದೆ, ಪೋರ್ಟೂ ತೆರೆಯಬೇಕಿಲ್ಲ. ಮೈಸೂರಿನ ಹಾಸ್ಟೆಲ್‌ನಿಂದ ಊರಿನ ಮನೆಯ ಸರ್ವರ್‌ಗೆ ಹೋಗಲು ಇಷ್ಟು ಸಾಕು.

9. ಪ್ರಾಜೆಕ್ಟ್‌ನ ನಾಡಿ ಹಿಡಿದು ನೋಡಿ

ಕೊನೆಯ ರಿಲೀಸ್ ಯಾವಾಗ ಬಂತು? ಎಷ್ಟು ಜನ ಕೋಡ್ ಬರೆಯುತ್ತಾರೆ? ನಿಮ್ಮ ಫೋನಿನ ಆ್ಯಪ್ ಯಾರ ಕೈಯಲ್ಲಿದೆ? ಸರ್ವರ್ ಗಟ್ಟಿಯಿದ್ದರೂ ಆ್ಯಪ್ ನಿಲ್ಲಬಹುದು. ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ಗೆ ನಿಂತಿತು. ಕೋಡ್ ಮುಕ್ತವಾಗಿದ್ದುದರಿಂದ 'ಸಿಂಕ್‌ಥಿಂಗ್ ಫೋರ್ಕ್' ಆ ಕೆಲಸ ಮುಂದುವರಿಸಿತು. 2023ರಲ್ಲಿ ಓನ್‌ಕ್ಲೌಡ್ ಕಂಪನಿಯನ್ನು ಕೈಟ್‌ವರ್ಕ್ಸ್ ಕೊಂಡಿತು, 2025ರಲ್ಲಿ ಅದೇ ಕೋಡಿನಿಂದ ಓಪನ್‌ಕ್ಲೌಡ್ ಹೊರಬಂತು. ಕಂಪನಿಗಳು ಕೈ ಬದಲಿಸುತ್ತವೆ. ಲೈಸೆನ್ಸ್ ಮುಕ್ತವಾಗಿದ್ದರೆ ನೀವು ನಡುನೀರಲ್ಲಿ ಉಳಿಯುವುದಿಲ್ಲ. ಅದನ್ನು ಓದದೆ ಇನ್‌ಸ್ಟಾಲ್ ಬಟನ್ ಮುಟ್ಟಬೇಡಿ.

10. ಅಮ್ಮನ ಫೋನಿನಲ್ಲಿ ಗೆದ್ದರೆ ಮಾತ್ರ ಪಾಸ್

ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಅಮ್ಮನ ಆಂಡ್ರಾಯ್ಡ್ ಫೋನ್ ಬ್ಯಾಟರಿ ಉಳಿಸಲು ಆ್ಯಪನ್ನು ಹಿನ್ನೆಲೆಯಲ್ಲಿ ಕೊಂದುಹಾಕುತ್ತದೆ, ಫೋಟೋ ಬರುವುದು ನಿಲ್ಲುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಡಿ, ಮೂರು ದಿನ ಬಿಟ್ಟು ನೋಡಿ. ಐಫೋನ್ ಆದರೆ ಹಿನ್ನೆಲೆ ಸಿಂಕ್‌ಗೆ ಇನ್ನೂ ಬಿಗಿ. ಮನೆಯವರಿಗೆ ಬೇಕಿರುವುದು ಫೋಟೋ ಮಾತ್ರ ಎಂದಾದರೆ ನೆಕ್ಸ್ಟ್‌ಕ್ಲೌಡ್ ಹೊರೆ ಬಿಡಿ, ಫೋಟೋಗೆಂದೇ ಮಾಡಿದ ಇಮ್ಮಿಚ್ ಹಾಕಿ. ಮುಖ ಗುರುತಿಸುವುದು, ದಿನಾಂಕದ ಪ್ರಕಾರ ಜೋಡಿಸುವುದು ಎಲ್ಲ ಮನೆಯ ಸರ್ವರ್‌ನಲ್ಲೇ ಆಗುತ್ತದೆ. ಅದಕ್ಕೆ ರ್‍ಯಾಮ್ ಮಾತ್ರ ಧಾರಾಳವಾಗಿ ಕೊಡಿ.

11. ಶನಿವಾರ ಪರೀಕ್ಷೆ, ಭಾನುವಾರ ತೀರ್ಮಾನ, ಸೋಮವಾರ ರೆಸ್ಯೂಮೆ

ಎರಡೇ ಸಾಫ್ಟ್‌ವೇರ್ ಆರಿಸಿ, ಡಾಕರ್‌ನಲ್ಲಿ ಅಕ್ಕಪಕ್ಕ ಎಬ್ಬಿಸಿ. ಎರಡಕ್ಕೂ ನಿಮ್ಮ ನಿಜವಾದ ಫೈಲುಗಳ 5 ಜಿಬಿ ಕಾಪಿ ಹಾಕಿ. ಯಾವುದು ಬೇಗ ಮುಗಿಸಿತು, ಯಾವುದು ಕನ್ನಡ ಹೆಸರಿಗೆ ಎಡವಿತು, ಯಾವುದರ ಎರರ್ ನಿಮಗೆ ಅರ್ಥವಾಯಿತು ಎಂದು ಬರೆದಿಡಿ. ಭಾನುವಾರ ಸಂಜೆ ಒಂದನ್ನು ಉಳಿಸಿ, ಇನ್ನೊಂದನ್ನು ಅಳಿಸಿ. ಐದನೇ ಸೂತ್ರ ಪಾಲಿಸಿದ್ದರೆ ಮುಂದೆ ಬದಲಿಸುವುದೂ ಸುಲಭ, ಆದ್ದರಿಂದ ಹಿಂಜರಿಯಲು ಕಾರಣವೇ ಇಲ್ಲ.

ಪೂರ್ತಿ ಡೇಟಾದ ಮೊದಲ ಕಾಪಿಯನ್ನು ಕೇಬಲ್ ಹಾಕಿಯೇ ಮಾಡಿ. 500 ಜಿಬಿಯನ್ನು ಹೊರಗಿನಿಂದ 40 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸಿದರೆ 27 ಗಂಟೆ ಮೀರುತ್ತದೆ. ಮನೆಯೊಳಗಿನ ಗಿಗಾಬಿಟ್ ಕೇಬಲ್‌ನಲ್ಲಿ ಕೆಲವೇ ಗಂಟೆಯ ಮಾತು.

ಮಾಡಿದ್ದನ್ನು ದಾಖಲಿಸಿ. ಡಾಕರ್ ಕಂಪೋಸ್ ಫೈಲನ್ನು ಪಾಸ್‌ವರ್ಡ್‌ಗಳನ್ನು ತೆಗೆದು ಗಿಟ್‌ಗೆ ಹಾಕಿ, ಯಾಕೆ ಇದನ್ನೇ ಆರಿಸಿದೆ ಎಂದು ಒಂದು ಪುಟ ಬರೆಯಿರಿ. ಲಿನಕ್ಸ್, ನೆಟ್‌ವರ್ಕಿಂಗ್, ಡೇಟಾಬೇಸ್, ಬ್ಯಾಕಪ್ ನಾಲ್ಕನ್ನೂ ಕೈಯಾರೆ ಮಾಡಿದ್ದೀರಿ. ಇಂಟರ್‌ವ್ಯೂನಲ್ಲಿ 'ಒಂದು ತಾಂತ್ರಿಕ ನಿರ್ಧಾರ ವಿವರಿಸಿ' ಎಂದಾಗ ಪುಸ್ತಕದ ಉತ್ತರ ಹುಡುಕಬೇಕಿಲ್ಲ.

12. ರಿಸ್ಟೋರ್ ಆದ ಮೇಲಷ್ಟೇ ಹಳೆಯ ಕ್ಲೌಡ್ ಬಿಡಿ

ಛಾಯಾಗ್ರಾಹಕ ಪೀಟರ್ ಕ್ರೋ ಹೆಸರಿನ ಜೊತೆ ಬರುವ 3-2-1 ನಿಯಮ ಪಾಲಿಸಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ. ರೆಸ್ಟಿಕ್ ಅಥವಾ ಬೋರ್ಗ್ ಬಳಸಿ. ಎರಡೂ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುತ್ತವೆ, ಬದಲಾದ ಭಾಗವನ್ನಷ್ಟೇ ಹೊಸದಾಗಿ ಉಳಿಸುತ್ತವೆ. ಹೊರಗಿನ ಪ್ರತಿಗೆ ದುಬಾರಿ ಸೇವೆಯೇ ಬೇಕೆಂದಿಲ್ಲ. ಅಕ್ಕನ ಮನೆಯಲ್ಲಿ ಒಂದು ಯುಎಸ್‌ಬಿ ಡಿಸ್ಕ್ ಇಡಿ, ಹಬ್ಬಕ್ಕೆ ಹೋದಾಗಲೆಲ್ಲ ಬದಲಿಸಿ. ನೆಕ್ಸ್ಟ್‌ಕ್ಲೌಡ್ ಇದ್ದರೆ ಫೈಲುಗಳ ಜೊತೆ ಡೇಟಾಬೇಸ್ ಡಂಪ್ ಕೂಡ ಬ್ಯಾಕಪ್‌ಗೆ ಹೋಗಬೇಕು. ಅದಿಲ್ಲದಿದ್ದರೆ ಶೇರ್ ಮಾಡಿದ ಲಿಂಕ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಯಾವುದೂ ವಾಪಸ್ ಬರುವುದಿಲ್ಲ.

ಈಗ ಡ್ರಿಲ್ ಮಾಡಿ. ಸರ್ವರ್ ಆಫ್ ಮಾಡಿ. ಬೇರೆ ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ ಡಿಸ್ಕ್ ಒಂದನ್ನೇ ಹಿಡಿದು ಮೂರು ಫೋಲ್ಡರ್ ಹೊರತೆಗೆಯಿರಿ. ಫೋಟೋ ತೆರೆಯಿತೇ, ಪಿಡಿಎಫ್ ತೆರೆಯಿತೇ, ಕನ್ನಡ ಹೆಸರುಗಳು ಇದ್ದಂತೆಯೇ ಬಂದವೇ ನೋಡಿ. ಬಂದರೆ ಗೂಗಲ್ ಡ್ರೈವ್‌ನ ಬಾಡಿಗೆ ನಿಲ್ಲಿಸಿ, ಅಲ್ಲಿಯವರೆಗೆ ಬೇಡ. ವರ್ಷಕ್ಕೆ ಎರಡು ಸಲ ಈ ಡ್ರಿಲ್ ಮಾಡಿ. ರೆಸ್ಟಿಕ್ ಪಾಸ್‌ವರ್ಡ್ ಮರೆತರೆ ಆ ಬ್ಯಾಕಪ್ ತೆರೆಯಲು ಯಾರಿಂದಲೂ ಆಗದು. ಅದನ್ನು ಕಾಗದದ ಮೇಲೆ ಬರೆದು ಮನೆಪತ್ರ ಇಡುವ ಬೀರುವಿನಲ್ಲೇ ಇಡಿ, ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಇವತ್ತೇ ತೋರಿಸಿ.